ಊರಿಂದ ಬರುವ ಅಪ್ಪ ಅಮ್ಮನ ಜೊತೆ ಸಿಡ್ನಿ ಅಥವಾ ಬ್ರಿಸ್ಬೇನ್‌ನಿಂದ ಕ್ರೂಸ್: ವೀಸಾ, ವಿಮೆ, ಊಟದ ವಿಚಾರ

ಟಾರ್ನೀಟ್‌ವಾಸಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೆಲ್ಬರ್ನ್‌ನಲ್ಲಿ. ನಾನು ಮತ್ತು 9 ವರ್ಷದ ಮಗಳು ಆಸ್ಟ್ರೇಲಿಯನ್ ಸಿಟಿಜನ್. ಮನೆಯವರು ಪಿಆರ್ (ಕಾಯಂ ನಿವಾಸಿ), ಪಾಸ್‌ಪೋರ್ಟ್ ಭಾರತದ್ದು. ಶಿವಮೊಗ್ಗದಿಂದ ಅಪ್ಪ (74) ಅಮ್ಮ (69) 600 ವಿಸಿಟರ್ ವೀಸಾದಲ್ಲಿ ಬರುತ್ತಾರೆ. ಅಪ್ಪನಿಗೆ ಸ್ಟೆಂಟ್ ಹಾಕಿದೆ, ಬಿಪಿ ಶುಗರ್ ಎರಡಕ್ಕೂ ಮಾತ್ರೆ. ಅಮ್ಮನಿಗೆ ಮಂಡಿ ನೋವು, ಕೋಲು ಹಿಡಿದು ನಡೆಯುತ್ತಾರೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಐದೂ ಜನ ಸೇರಿ ಒಂದು ಕ್ರೂಸ್ ಮಾಡಬೇಕೆಂದಿದೆ. ಹಳೆಯ ಚರ್ಚೆಗಳಲ್ಲಿ ಎಲ್ಲರೂ ಪಿ ಅಂಡ್ ಓ ಕಂಪನಿ, ಮೆಲ್ಬರ್ನ್‌ನ ಸ್ಟೇಷನ್ ಪಿಯರ್ ಬಂದರು ಎಂದೇ ಬರೆದಿದ್ದಾರೆ, ಈಗ ಹುಡುಕಿದರೆ ಎರಡೂ ಸರಿಯಾಗಿ ಸಿಗುತ್ತಿಲ್ಲ. ಏನೇನು ಬದಲಾಗಿದೆ? ಅಪ್ಪ ಅಮ್ಮನ ವೀಸಾದಲ್ಲಿ ನೂಮಿಯಾ ಕಡೆ ಹೋಗಿ ಬರಬಹುದೇ? ವಿಮೆ ಯಾವ ಥರದ್ದು ಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಬಂದರುದಾರಿ:

ಬದಲಾವಣೆಯ ಭಾಗ ನಾನು ಹೇಳುತ್ತೇನೆ.

1932ರಿಂದ ಇಲ್ಲಿ ಕ್ರೂಸ್ ನಡೆಸುತ್ತಿದ್ದ ಪಿ ಅಂಡ್ ಓ ಆಸ್ಟ್ರೇಲಿಯಾ ಈಗ ಇಲ್ಲ. ಒಡೆತನ 2003ರಿಂದಲೂ ಕಾರ್ನಿವಲ್ ಕಾರ್ಪೊರೇಷನ್ನಿನದೇ ಇತ್ತು. 2024ರ ಜೂನ್‌ನಲ್ಲಿ ಘೋಷಿಸಿ, 2025ರ ಮಾರ್ಚ್‌ನಲ್ಲಿ ಆ ಹೆಸರನ್ನು ಕಾರ್ನಿವಲ್ ಕ್ರೂಸ್ ಲೈನ್‌ಗೆ ಸೇರಿಸಿಬಿಟ್ಟರು. ಪೆಸಿಫಿಕ್ ಅಡ್ವೆಂಚರ್ ಈಗ ಕಾರ್ನಿವಲ್ ಅಡ್ವೆಂಚರ್, ಪೆಸಿಫಿಕ್ ಎನ್‌ಕೌಂಟರ್ ಈಗ ಕಾರ್ನಿವಲ್ ಎನ್‌ಕೌಂಟರ್. ಹಡಗುಗಳು ಅವೇ, ಇನ್ನೂ ಹಿಂದೆ ಅವು ಗೋಲ್ಡನ್ ಪ್ರಿನ್ಸೆಸ್ ಮತ್ತು ಸ್ಟಾರ್ ಪ್ರಿನ್ಸೆಸ್ ಆಗಿದ್ದವು. ಹಾಗಾಗಿ ಕ್ಯಾಬಿನ್ ಅಳತೆ, ಲಿಫ್ಟ್ ಎಲ್ಲಿದೆ ಎಂಬುದಕ್ಕೆಲ್ಲ ಹಳೆಯ ಹೆಸರಿನ ವಿಡಿಯೋಗಳನ್ನು ಧಾರಾಳವಾಗಿ ನೋಡಬಹುದು. ಊಟದ ವ್ಯವಸ್ಥೆ, ಪ್ಯಾಕೇಜ್, ನಿಯಮಗಳಿಗೆ ಮಾತ್ರ ಹಳೆಯದನ್ನು ನಂಬಬೇಡಿ. ಮೂರನೆಯ ಹಡಗು ಪೆಸಿಫಿಕ್ ಎಕ್ಸ್‌ಪ್ಲೋರರ್ ಆಸ್ಟ್ರೇಲಿಯಾ ಬಿಟ್ಟೇ ಹೋಯಿತು.

ಕುನಾರ್ಡ್‌ನವರು ಕ್ವೀನ್ ಎಲಿಜಬೆತ್ ಹಡಗನ್ನು ಇಲ್ಲಿಂದ ಹೊರಡಿಸುವುದನ್ನು 2024-25ರ ಸೀಸನ್ ಮುಗಿದ ಮೇಲೆ ನಿಲ್ಲಿಸಿದರು. ವರ್ಜಿನ್ ವಾಯೇಜಸ್ ಕೆಂಪು ಸಮುದ್ರದ ಗಲಾಟೆಯಿಂದಾಗಿ ತನ್ನ ಹಡಗನ್ನು ಈ ಕಡೆ ಕಳಿಸುವುದನ್ನೇ ಕೈಬಿಟ್ಟಿತು. ಡಿಸ್ನಿ ವಂಡರ್‌ಗೆ 2025-26 ಕೊನೆಯ ಸೀಸನ್ ಎಂದು ಕಂಪನಿ ಹೇಳಿದೆ. ಬಂದರು ಶುಲ್ಕ, ಇಂಧನ, ಯುರೋಪಿನಿಂದ ಇಲ್ಲಿವರೆಗಿನ ದೂರ, ಹಡಗಿನ ತಳಕ್ಕೆ ಅಂಟುವ ಚಿಪ್ಪು ಪಾಚಿ ಬಗ್ಗೆ ನ್ಯೂಜಿಲೆಂಡ್‌ನ ಬಿಗಿ ನಿಯಮ, ಎಲ್ಲವೂ ಸೇರಿ ಹೀಗಾಗಿದೆ. ಹಡಗು ಕಡಿಮೆಯಾದ ಮೇಲೆ ಶಾಲಾ ರಜೆಯಲ್ಲಿ ಕೊನೇ ಗಳಿಗೆಯ ರಿಯಾಯಿತಿ ಸಿಗುತ್ತದೆಂದು ಕಾಯುವುದು ಅಷ್ಟು ಲಾಭದ ಲೆಕ್ಕವಲ್ಲ. ಅದರಲ್ಲೂ ನಿಮಗೆ ಅಕ್ಕಪಕ್ಕದ ಎರಡು ಕ್ಯಾಬಿನ್ ಬೇಕು.

ಮೆಲ್ಬರ್ನ್ ವಿಷಯ. ವಿಕ್ಟೋರಿಯ ಬಂದರು ಶುಲ್ಕ ಏರಿಸಿದ ಮೇಲೆ ಪ್ರಿನ್ಸೆಸ್, ಪಿ ಅಂಡ್ ಓ, ಕುನಾರ್ಡ್ ಮೂರೂ ಸ್ಟೇಷನ್ ಪಿಯರ್‌ನಿಂದ ಹೊರಡುವುದನ್ನು ನಿಲ್ಲಿಸುತ್ತೇವೆಂದವು. ಇತರ ಹಡಗುಗಳು ಬಂದು ಹೋಗುತ್ತವೆ, ಆದರೆ ಅಲ್ಲಿಂದಲೇ ಹತ್ತಿ ಅಲ್ಲೇ ಇಳಿಯುವ ಆಯ್ಕೆ ಕಡಿಮೆ. ಟ್ಯಾಸ್ಮೇನಿಯಾಕ್ಕೆ ಕಾರು ಒಯ್ಯುವ ಸ್ಪಿರಿಟ್ ಆಫ್ ಟ್ಯಾಸ್ಮೇನಿಯಾ ಕೂಡ 2022ರ ಅಕ್ಟೋಬರ್‌ನಿಂದ ಜೀಲಾಂಗ್‌ನಿಂದ ಹೊರಡುತ್ತಿದೆ. ನೀವು ಸಿಡ್ನಿ ಅಥವಾ ಬ್ರಿಸ್ಬೇನ್‌ಗೆ ವಿಮಾನದ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಹೋಗುವಾಗ ಹಿಂದಿನ ದಿನದ ವಿಮಾನ, ಬರುವಾಗ ಮಧ್ಯಾಹ್ನ 1ರ ನಂತರದ್ದು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ದೂರವನ್ನೂ ನೋಡಿ. ಸಿಡ್ನಿಯಿಂದ ನೂಮಿಯಾಕ್ಕೆ ಸುಮಾರು 1,060 ನಾಟಿಕಲ್ ಮೈಲು, ಬ್ರಿಸ್ಬೇನ್‌ನಿಂದ ಸುಮಾರು 800. ಗಂಟೆಗೆ 18 ನಾಟಿಕಲ್ ಮೈಲು ವೇಗದಲ್ಲಿ ಹೋದರೂ ಸಿಡ್ನಿಯಿಂದ ಎರಡೂವರೆ ದಿನ ಬರೀ ನೀರು. ಅದೇ ದ್ವೀಪಗಳನ್ನು ಬ್ರಿಸ್ಬೇನ್‌ನಿಂದ 7 ರಾತ್ರಿಯಲ್ಲಿ ನೋಡಬಹುದು, ಸಿಡ್ನಿಯಿಂದ 8ರಿಂದ 10 ಬೇಕು.

ವೀಸಾ_ಕಡತ:

ಹಡಗು, ಕ್ಯಾಬಿನ್, ದರ ಎಲ್ಲ ಆಮೇಲೆ. ನಿಮ್ಮ ಗುಂಪಿನಲ್ಲಿ ಮೂರು ಥರದ ಕಾಗದ ಇದೆ. ಯಾವ ಮಾರ್ಗ ಎಂಬುದನ್ನು ಆ ಕಾಗದಗಳೇ ತೀರ್ಮಾನಿಸಬೇಕು.

ಅಪ್ಪ ಅಮ್ಮನ ಗ್ರಾಂಟ್ ಲೆಟರ್ ಬಂದ ತಕ್ಷಣ ವೀವೋದಲ್ಲಿ (ಸರ್ಕಾರದ ಆನ್‌ಲೈನ್ ವೀಸಾ ಪರಿಶೀಲನೆ) ಇಬ್ಬರದ್ದೂ ಬೇರೆ ಬೇರೆಯಾಗಿ ತೆರೆದು ಮೂರು ಸಾಲು ಓದಿ: ಎಷ್ಟು ಸಲ ಪ್ರವೇಶ, ಯಾವ ದಿನಾಂಕದೊಳಗೆ ಬರಬೇಕು, ಪ್ರತಿ ಸಲ ಎಷ್ಟು ದಿನ ಇರಬಹುದು. ವಿದೇಶದ ಬಂದರು ಮುಟ್ಟುವ ಪ್ರಯಾಣಕ್ಕೆ ಹಡಗಿನವರು ಚೆಕ್-ಇನ್‌ನಲ್ಲಿ ಕೇಳುವುದು ಮಲ್ಟಿಪಲ್ ಎಂಟ್ರಿ. ಒಂದೇ ಸಲದ ಪ್ರವೇಶವಿದ್ದರೆ ಮೆಟ್ಟಿಲಲ್ಲೇ ತಡೆಯುತ್ತಾರೆ, ಹಾಗೆ ತಡೆದರೆ ಹಣ ವಾಪಸ್ ಬರುವುದಿಲ್ಲ. ದಂಪತಿಗಳಿಗೂ ಒಬ್ಬರಿಗೊಂದು ಥರ ಗ್ರಾಂಟ್ ಆಗಬಹುದು, ಒಬ್ಬರದ್ದು ನೋಡಿ ಇನ್ನೊಬ್ಬರದ್ದೂ ಹಾಗೇ ಇರುತ್ತದೆಂದುಕೊಳ್ಳಬೇಡಿ. ಎರಡನೆಯ ಸಾಲಿನ ದಿನಾಂಕ ಕ್ರೂಸ್ ಮುಗಿಯುವ ದಿನಕ್ಕಿಂತ ಆಮೇಲಿನದಾಗಿರಲಿ. ಬ್ರಿಡ್ಜಿಂಗ್ ವೀಸಾ ಎ (ಇನ್ನೊಂದು ವೀಸಾದ ತೀರ್ಮಾನ ಬರುವವರೆಗಿನ ತಾತ್ಕಾಲಿಕ ವೀಸಾ) ಮೇಲೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೋಮ್ ಅಫೇರ್ಸ್ ಇಲಾಖೆಯಿಂದ ಉತ್ತರ ಪಡೆಯದೆ ವಿದೇಶಿ ಬಂದರಿನ ಕ್ರೂಸ್ ಬುಕ್ ಮಾಡಬೇಡಿ.

ನೂಮಿಯಾ, ಲಿಫು, ಐಲ್ ಆಫ್ ಪೈನ್ಸ್ ಎಲ್ಲವೂ ನ್ಯೂ ಕ್ಯಾಲೆಡೋನಿಯ, ಅಂದರೆ ಫ್ರಾನ್ಸಿನ ಅಧೀನ ಪ್ರದೇಶ. ಆದರೆ ಶೆಂಗೆನ್ (ಯುರೋಪಿನ ಒಂದೇ ವೀಸಾದ ವಲಯ) ಅಲ್ಲ. ಕೈಯಲ್ಲಿ ಶೆಂಗೆನ್ ವೀಸಾ ಇದ್ದರೆ ಸಾಕು ಎನ್ನುವುದು ತಪ್ಪು. ಹಡಗಲ್ಲಿ ಬಂದು ಅದೇ ಹಡಗಲ್ಲಿ ಹೋಗುವವರ ನಿಯಮ ವಿಮಾನದಲ್ಲಿ ಇಳಿಯುವವರ ನಿಯಮಕ್ಕಿಂತ ಬೇರೆ ಇರಬಹುದು. ಹಾಗಾಗಿ ಹಡಗಿನ ಕಂಪನಿಗೆ ಇಮೇಲ್ ಮಾಡಿ ಹೀಗೆ ಕೇಳಿ: ಭಾರತದ ಪಾಸ್‌ಪೋರ್ಟ್, ಆಸ್ಟ್ರೇಲಿಯಾದ 600 ವೀಸಾ, ಇಂಥ ದಿನಾಂಕದ ಇಂಥ ಪ್ರಯಾಣ, ಪ್ರತಿ ಬಂದರಿಗೂ ಏನು ಬೇಕು? ಉತ್ತರ ಬರಹದಲ್ಲಿ ಬಂದ ಮೇಲೆ ಪ್ರಿಂಟ್ ಹಾಕಿ ಪಾಸ್‌ಪೋರ್ಟ್ ಜೊತೆ ಇಡಿ. ಫೋನಿನಲ್ಲಿ ಹೇಳಿದ ಮಾತು ಚೆಕ್-ಇನ್ ಮೇಜಿನಲ್ಲಿ ನಡೆಯುವುದಿಲ್ಲ. ಒಂದು ದ್ವೀಪದಲ್ಲಿ ಇಳಿಯುವುದಿಲ್ಲ, ಹಡಗಲ್ಲೇ ಕೂತಿರುತ್ತೇವೆ ಎಂದರೂ ಒಪ್ಪುವುದಿಲ್ಲ, ಪಟ್ಟಿಯಲ್ಲಿರುವ ಎಲ್ಲ ಬಂದರಿಗೂ ಕಾಗದ ಸರಿಯಿರಬೇಕು.

ನ್ಯೂಜಿಲೆಂಡ್ ಈ ವಿಷಯದಲ್ಲಿ ಸುಲಭ. ಕ್ರೂಸ್ ಹಡಗಿನಲ್ಲೇ ಬಂದು ಹಡಗಿನಲ್ಲೇ ಹೋಗುವವರಿಗೆ ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಎನ್‌ಝೆಡ್ ಇಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣದ ಅನುಮತಿ) ಸಾಕು. ಆ್ಯಪ್‌ನಲ್ಲಿ 17, ವೆಬ್‌ಸೈಟ್‌ನಲ್ಲಿ 23 ನ್ಯೂಜಿಲೆಂಡ್ ಡಾಲರ್. ಜೊತೆಗೆ ಪ್ರವಾಸಿ ಲೆವಿ, 2024ರ ಅಕ್ಟೋಬರ್‌ನಿಂದ ಅದು 35ರಿಂದ 100 ಡಾಲರ್‌ಗೆ ಏರಿದೆ. 72 ಗಂಟೆ ಬೇಕಾಗಬಹುದು, ಎರಡು ವರ್ಷ ನಡೆಯುತ್ತದೆ. ನಿಮ್ಮ ಮನೆಯವರು ಪಿಆರ್ ಆದ್ದರಿಂದ ಅವರಿಗೂ ಇಟಿಎ ಬೇಕು, ಲೆವಿ ಇಲ್ಲ. ನಿಮಗೂ ಮಗಳಿಗೂ ಎರಡೂ ಬೇಡ. ಆದರೆ ಆಕ್ಲೆಂಡ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತುವ ಪ್ಯಾಕೇಜ್ ತೆಗೆದುಕೊಂಡರೆ ಈ ಸೌಲಭ್ಯ ಅಪ್ಪ ಅಮ್ಮನಿಗೆ ಇಲ್ಲ, ವಿಸಿಟರ್ ವೀಸಾ ಮಾಡಿಸಬೇಕು. ಅಂಥ ಒಂದೇ ದಾರಿಯ ಪ್ರಯಾಣಗಳು ಅಗ್ಗ ಕಾಣುತ್ತವೆ, ಎಚ್ಚರ.

ಮನೆಯವರ ಪಿಆರ್‌ಗೆ ಐದು ವರ್ಷ ಆಗಿದೆಯಾ? ಆಗಿದ್ದರೆ ಪ್ರಯಾಣದ ಅವಧಿ ಮುಗಿದಿರುತ್ತದೆ. ಪಿಆರ್ ಹೋಗುವುದಿಲ್ಲ, ಆದರೆ ಹೊರಗೆ ಹೋಗಿ ಬರಲು ರೆಸಿಡೆಂಟ್ ರಿಟರ್ನ್ ವೀಸಾ ಬೇಕು. ವಿಮಾನಕ್ಕೆ ಇದನ್ನು ನೆನಪಿಟ್ಟುಕೊಳ್ಳುವವರೂ ಕ್ರೂಸ್ ಎಂದರೆ ಮರೆಯುತ್ತಾರೆ.

ಯಾವ ತಲೆಬಿಸಿಯೂ ಬೇಡ ಎಂದರೆ ದೇಶದೊಳಗಿನ ಪ್ರಯಾಣ: ಬ್ರಿಸ್ಬೇನ್ ಅಥವಾ ಸಿಡ್ನಿಯಿಂದ ಮೊರ್ಟನ್ ದ್ವೀಪಕ್ಕೆ 3-4 ರಾತ್ರಿ, ಅಥವಾ ಕ್ವೀನ್ಸ್‌ಲೆಂಡ್ ಕರಾವಳಿಗುಂಟ ಕೆರ್ನ್ಸ್ ಕಡೆಗೆ ಒಂದು ವಾರ. ಅದಕ್ಕೆ ಸಿಟಿಜನ್‌ಗಳಿಗೆ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿಯೇ ಸಾಕು. ಅಪ್ಪ ಅಮ್ಮ ಮತ್ತು ಮನೆಯವರು ಪಾಸ್‌ಪೋರ್ಟ್ ಒಯ್ಯಲಿ, ಅವಧಿ ಆರು ತಿಂಗಳಾದರೂ ಉಳಿದಿರಲಿ.

ಡೆಕ್‌5:

ವಿಮೆ ಬಗ್ಗೆ ಮೊದಲು ತಿಳಿಯಬೇಕಾದ್ದು: ಹಡಗು ಆಸ್ಟ್ರೇಲಿಯಾದ ನೀರಲ್ಲೇ ಇದ್ದರೂ, ಮೊರ್ಟನ್ ದ್ವೀಪದ ಎದುರೇ ನಿಂತಿದ್ದರೂ, ಹಡಗಿನ ಡಾಕ್ಟರ ಬಿಲ್ಲಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ನಡೆಯುವುದಿಲ್ಲ. ಆ ವೈದ್ಯರಿಗೆ ಸಾಮಾನ್ಯವಾಗಿ ಮೆಡಿಕೇರ್ ಪ್ರೊವೈಡರ್ ನಂಬರ್ ಇರುವುದಿಲ್ಲ. ಖಾಸಗಿ ಆರೋಗ್ಯ ವಿಮೆಯದ್ದೂ ಅದೇ ಕಥೆ. ಹೀಗಾಗಿ ನಿಮಗೂ ಮಗಳಿಗೂ ಕೂಡ ಕ್ರೂಸ್ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಡೊಮೆಸ್ಟಿಕ್ ಪಾಲಿಸಿ ತೆಗೆದುಕೊಂಡು ಬಿಟ್ಟರೆ ಅದರಲ್ಲಿ ವೈದ್ಯಕೀಯ ಖರ್ಚೇ ಇರುವುದಿಲ್ಲ. ದೇಶದೊಳಗಿನ ಕ್ರೂಸ್ ಎಂದು ಆರಿಸಿದಾಗ ಯಾವ ಪಾಲಿಸಿ ಬರುತ್ತದೆ, ಹಡಗಿನ ಆಸ್ಪತ್ರೆ ಖರ್ಚು ಅದರಲ್ಲಿ ಇದೆಯೇ ಎಂದು ಓದಿಯೇ ಹಣ ಕಟ್ಟಿ.

ಅಪ್ಪ ಅಮ್ಮನದು ಇನ್ನೂ ಸೂಕ್ಷ್ಮ. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪರಸ್ಪರ ಆರೋಗ್ಯ ಒಪ್ಪಂದ ಇಲ್ಲ. ಇಲ್ಲಿ ಮಾಡಿಸುವ ಓವರ್‌ಸೀಸ್ ವಿಸಿಟರ್ ಹೆಲ್ತ್ ಕವರ್ ಆಸ್ಟ್ರೇಲಿಯಾದ ನೆಲದ ಆಸ್ಪತ್ರೆಗೆ ಮಾತ್ರ. ಊರಲ್ಲಿ ಮಾಡಿಸುವ ಟ್ರಾವೆಲ್ ಪಾಲಿಸಿಯಲ್ಲಿ ಬರೀ ಆಸ್ಟ್ರೇಲಿಯಾ ಎಂದು ಬರೆಸಿದ್ದರೆ ದ್ವೀಪಗಳು, ನ್ಯೂಜಿಲೆಂಡ್ ಹೊರಗುಳಿಯುತ್ತವೆ. ಆದ್ದರಿಂದ ಶಿವಮೊಗ್ಗದಿಂದ ಹೊರಡುವ ಮೊದಲೇ, ಹೋಗುವ ಎಲ್ಲ ದೇಶಗಳ ಹೆಸರು, ಕ್ರೂಸ್ ಪ್ರಯಾಣ, ಸ್ಟೆಂಟ್ ಹಾಕಿದ ವರ್ಷ, ಈಗಿನ ಮಾತ್ರೆಗಳ ಪಟ್ಟಿ ಎಲ್ಲ ಹೇಳಿ ಪಾಲಿಸಿ ಮಾಡಿಸಿ. ಸ್ಟೆಂಟ್ ವಿಷಯ ಮುಚ್ಚಿಟ್ಟರೆ ಎದೆನೋವಿನ ಕ್ಲೇಮ್ ಖಂಡಿತ ತಿರಸ್ಕಾರ ಆಗುತ್ತದೆ. ಇಲ್ಲಿನ ಕೆಲವು ಕಂಪನಿಗಳು ವಿಸಿಟರ್‌ಗಳಿಗೂ ಪಾಲಿಸಿ ಕೊಡುತ್ತವೆ, ಆದರೆ ವಯಸ್ಸಿನ ಮಿತಿ ಮತ್ತು ವಾಪಸ್ ಟಿಕೆಟ್ ಷರತ್ತು ನೋಡಿಕೊಳ್ಳಿ.

ಪಾಲಿಸಿಯಲ್ಲಿ ನೋಡಬೇಕಾದ ಮುಖ್ಯ ಸಾಲು ಮೆಡಿಕಲ್ ಇವ್ಯಾಕ್ಯುಯೇಷನ್, ಅಂದರೆ ರೋಗಿಯನ್ನು ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು. ಹಡಗಿನ ಆಸ್ಪತ್ರೆ ಇಸಿಜಿ, ರಕ್ತ ಪರೀಕ್ಷೆ, ಡ್ರಿಪ್, ಆಮ್ಲಜನಕದ ಮಟ್ಟದ್ದು. ಆಂಜಿಯೋಗ್ರಾಂ ಬೇಕೆಂದರೆ ದಡಕ್ಕೇ ಸಾಗಿಸಬೇಕು. ಅಲ್ಲಿಂದ ಏರ್ ಆಂಬುಲೆನ್ಸ್ ಎಂದರೆ ಹತ್ತಾರು ಸಾವಿರ ಡಾಲರ್, ಕೆಲವೊಮ್ಮೆ ಲಕ್ಷ ದಾಟುತ್ತದೆ. ಹೆಲಿಕಾಪ್ಟರ್ ಹಾರುವ ದೂರಕ್ಕೂ ಮಿತಿ ಇದೆ, ಟ್ಯಾಸ್ಮನ್ ಸಮುದ್ರದ ನಟ್ಟನಡುವೆ ಅದು ಬರುವುದಿಲ್ಲ, ಹಡಗೇ ತಿರುಗಬೇಕು. ಹೃದಯದ ತೊಂದರೆ ಇರುವ ಹಿರಿಯರಿಗೆ ಮೊದಲ ಸಲ ಕರಾವಳಿ ಬಿಟ್ಟು ದೂರ ಹೋಗದ ಮಾರ್ಗ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಡಾಕ್ಟರು ಸರಿ ಎಂದರೆ ನ್ಯೂಜಿಲೆಂಡ್ ಆಮೇಲೆ.

ಮಾತ್ರೆ ಪೂರ್ತಿ ಕೈಚೀಲದಲ್ಲಿ, ಔಷಧಿಯ ಮೂಲ ಪ್ಯಾಕ್‌ನಲ್ಲೇ, ಡಾಕ್ಟರ ಪತ್ರದ ಜೊತೆ. ಸೂಟ್‌ಕೇಸನ್ನು ಟರ್ಮಿನಲ್ ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆ, ಕೆಲವೊಮ್ಮೆ ರಾತ್ರಿ. ಮಧ್ಯಾಹ್ನದ ಡೋಸ್ ತಪ್ಪಬಾರದು.

ವಾಂತಿ ತಲೆಸುತ್ತಿಗೆ ಇಲ್ಲಿ ಅಂಗಡಿಯಲ್ಲಿ ಸಿಗುವ ಕ್ವೆಲ್ಸ್, ಟ್ರಾವಕಾಮ್‌ಗಳಲ್ಲಿ ಹಯೋಸಿನ್ ಇರುವವು ಇವೆ. 70 ದಾಟಿದವರಿಗೆ ಅದರಿಂದ ಗೊಂದಲ, ಬಾಯಿ ಒಣಗುವುದು, ಮೂತ್ರ ಕಟ್ಟುವುದು ಆಗಬಹುದು, ಗ್ಲಾಕೋಮಾ ಇದ್ದರೆ ಬೇಡವೇ ಬೇಡ. ಅಪ್ಪನ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಕ್ಯಾಬಿನ್ ಹಡಗಿನ ಉದ್ದದ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ತಕ್ಕಡಿಯ ಹಾಗೆ ತುದಿಗಳು ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ. ಲಿಫ್ಟ್ ಕೂಡ ಹತ್ತಿರವಾಗುತ್ತದೆ, ಅಮ್ಮನ ಮಂಡಿಗೆ ಅದೇ ಮುಖ್ಯ.

ಟಾರ್ನೀಟ್‌ವಾಸಿ:

ಮೂವರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಒಂದೇ ಕಡೆ ಎಲ್ಲೂ ಸಿಕ್ಕಿರಲಿಲ್ಲ. ಮೊದಲು ಬ್ರಿಸ್ಬೇನ್‌ನಿಂದ ಕ್ವೀನ್ಸ್‌ಲೆಂಡ್ ಒಳಗಿನದ್ದೇ ನೋಡುತ್ತೇವೆ. ಊಟದ ಬಗ್ಗೆ ಯಾರಾದರೂ ಹೇಳುತ್ತೀರಾ? ಅಮ್ಮ ಸಣ್ಣ ರೈಸ್ ಕುಕ್ಕರ್, ಚಟ್ನಿಪುಡಿ, ಉಪ್ಪಿನಕಾಯಿ ತರುತ್ತೇನೆ ಎನ್ನುತ್ತಿದ್ದಾರೆ.

ಮೊಸರನ್ನ:

ರೈಸ್ ಕುಕ್ಕರ್ ಬೇಡ. ಬಿಸಿಯಾಗುವ ಯಾವ ಸಾಧನವೂ ಹಡಗಿನಲ್ಲಿ ನಿಷಿದ್ಧ: ಕುಕ್ಕರ್, ಕೆಟಲ್, ಇಮ್ಮರ್ಷನ್ ಕಾಯಿಲ್, ಇಸ್ತ್ರಿಪೆಟ್ಟಿಗೆ. ಸ್ಕ್ಯಾನ್‌ನಲ್ಲಿ ಸಿಕ್ಕರೆ ತೆಗೆದಿಟ್ಟು ಕೊನೇ ದಿನ ಕೊಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಪವರ್ ಬೋರ್ಡ್ ಕೂಡ ಬಿಡುವುದಿಲ್ಲ. ಹಡಗಿನ ವಿದ್ಯುತ್ ಜಾಲದಲ್ಲಿ ಮನೆಯ ಹಾಗೆ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುವುದಿಲ್ಲ, ಅಂಥ ಜಾಲದಲ್ಲಿ ಸರ್ಜ್ ಬೋರ್ಡ್ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯ ಇದೆ.

ಮನೆಯಲ್ಲಿ ಮಾಡಿದ ತಿಂಡಿ, ಡಬ್ಬಿಗೆ ತುಂಬಿದ ಉಪ್ಪಿನಕಾಯಿ, ಬಿಡಿ ಚಟ್ನಿಪುಡಿ ಕಾರ್ನಿವಲ್‌ನಲ್ಲಿ ಬಿಡುವುದಿಲ್ಲ. ಕಾರ್ಖಾನೆಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ಸರಿ. ಇಂಡಿಯನ್ ಅಂಗಡಿಯಿಂದ ಸೀಲಾದ ಚಟ್ನಿಪುಡಿ, ಚಿಕ್ಕ ಉಪ್ಪಿನಕಾಯಿ ಪ್ಯಾಕೆಟ್ ಕೊಂಡು ಹೋಗಿ. ವಿದೇಶಿ ಬಂದರಿನಲ್ಲಿ ಇಳಿಯುವಾಗ ಅದನ್ನು ಕ್ಯಾಬಿನ್‌ನಲ್ಲೇ ಬಿಡಿ. ನ್ಯೂಜಿಲೆಂಡ್‌ನಲ್ಲಿ ಚೀಲದಲ್ಲಿ ಮರೆತ ಒಂದು ಸೇಬಿಗೂ 400 ಡಾಲರ್ ದಂಡ. ವಿದೇಶ ಸುತ್ತಿ ಆಸ್ಟ್ರೇಲಿಯಾಕ್ಕೆ ವಾಪಸ್ ಬರುವಾಗ ಉಳಿದದ್ದನ್ನೂ ದ್ವೀಪದಲ್ಲಿ ಕೊಂಡ ಮರದ ಸಾಮಾನು, ಚಿಪ್ಪನ್ನೂ ಕಾರ್ಡಿನಲ್ಲಿ ಡಿಕ್ಲೇರ್ ಮಾಡಬೇಕು.

ಇನ್ನು ಹಡಗಿನ ಅಡುಗೆ. ಬುಕ್ ಮಾಡುವಾಗಲೇ ಊಟದ ಅಗತ್ಯದ ಜಾಗದಲ್ಲಿ ಸಸ್ಯಾಹಾರ, ಮೊಟ್ಟೆ ಇಲ್ಲ, ಹಾಲು ಮೊಸರು ಆಗುತ್ತದೆ ಎಂದು ಬಿಡಿಸಿ ಬರೆಯಿರಿ. ಬರೀ ವೆಜಿಟೇರಿಯನ್ ಎಂದರೆ ಮೊಟ್ಟೆ ಬರುತ್ತದೆ, ವೀಗನ್ ಎಂದರೆ ಮೊಸರು ತುಪ್ಪ ಹೋಗುತ್ತದೆ. ರಾತ್ರಿ ಊಟಕ್ಕೆ ಯಾವಾಗ ಬೇಕಾದರೂ ಬರುವ ಆಯ್ಕೆ ಬೇಡ, ನಿಗದಿತ ಸಮಯದ್ದನ್ನೇ ಆರಿಸಿ. ದಿನವೂ ಅದೇ ಮೇಜು, ಅದೇ ವೇಟರ್ ಇರುತ್ತಾರೆ. ಹತ್ತಿದ ದಿನ ಮಧ್ಯಾಹ್ನವೇ ಡೈನಿಂಗ್ ರೂಮಿಗೆ ಹೋಗಿ ಅಲ್ಲಿನ ಮುಖ್ಯಸ್ಥ ಮೇತ್ರ ಡಿ ಅವರನ್ನು ಕಂಡು ಇಂಡಿಯನ್ ವೆಜಿಟೇರಿಯನ್ ಊಟ ಬೇಕೆಂದು ಹೇಳಿ. ಕಾರ್ನಿವಲ್‌ನಲ್ಲಿ ಕೇಳಿದವರಿಗೆ ಅದನ್ನು ಮಾಡಿಕೊಡುತ್ತಾರೆ, ಆದರೆ ಹಿಂದಿನ ದಿನವೇ ಹೇಳಿರಬೇಕು. ಅಡುಗೆಮನೆಯಲ್ಲೂ ಬಡಿಸುವಲ್ಲೂ ಭಾರತದವರು ಸಾಕಷ್ಟು ಇರುತ್ತಾರೆ, ಮಾತಾಡಿಸಿದರೆ ಪ್ರೀತಿಯಿಂದ ಮಾಡಿಕೊಡುತ್ತಾರೆ. ಒಂದು ದಾಲ್, ಒಂದು ಪಲ್ಯ, ಅನ್ನ, ರೋಟಿ ಎಂಬ ಮಟ್ಟದ್ದು. ಉತ್ತರದ ಕಡೆಯ ರುಚಿ, ಸಾರು ಹುಳಿ ನಿರೀಕ್ಷಿಸಬೇಡಿ. ಏಕಾದಶಿ ಬಿದ್ದರೆ ಹಣ್ಣು, ಹಾಲು, ಬೇಯಿಸಿದ ಆಲೂಗಡ್ಡೆ ಸುಲಭವಾಗಿ ಸಿಗುತ್ತದೆ.

ಬಫೆಯಲ್ಲಿ ಎಚ್ಚರ ಬೇಕಾದ್ದು ಕಣ್ಣಿಗೆ ಕಾಣದ ವಸ್ತುಗಳ ಬಗ್ಗೆ. ತರಕಾರಿ ಸೂಪಿಗೆ ಕೋಳಿ ಸ್ಟಾಕ್ ಹಾಕಿರಬಹುದು. ಮೂಸ್, ಜೆಲ್ಲಿ, ಚೀಸ್‌ಕೇಕ್‌ನಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್. ಕೇಕು, ಪ್ಯಾನ್‌ಕೇಕು, ಕೆಲವು ಪಾಸ್ತಾದಲ್ಲಿ ಮೊಟ್ಟೆ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್. ಆಲೂ ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನೂ ಕರಿದಿರುತ್ತಾರೆ. ಮೇಜಿನ ಹಿಂದೆ ನಿಂತವರನ್ನು ಕೇಳಿದರೆ ಪದಾರ್ಥಗಳ ಪಟ್ಟಿ ನೋಡಿ ಹೇಳುತ್ತಾರೆ. ಅಮ್ಮನಿಗೆ ಊಟ ಹಿಡಿಸದ ದಿನ ಬೆಳಗಿನ ಬಫೆಯಿಂದ ಸಪ್ಪೆ ಮೊಸರು ತೆಗೆದು ಕ್ಯಾಬಿನ್ ಫ್ರಿಜ್‌ನಲ್ಲಿಡಿ. ಮಧ್ಯಾಹ್ನ ಬಿಳಿ ಅನ್ನ ತಂದು ಕಲಸಿ ಉಪ್ಪಿನಕಾಯಿ ಪ್ಯಾಕೆಟ್ ಒಡೆದರೆ ಆಯಿತು.

ತಟ್ಟೆ ಹಿಡಿಯುವ ಮೊದಲು ಸೋಪು ನೀರಲ್ಲಿ ಕೈ ತೊಳೆಯಿರಿ. ಬಾಗಿಲಲ್ಲಿ ಕೈಗೆ ಹಾಕುವ ಸ್ಯಾನಿಟೈಸರ್ ವಾಂತಿ ಭೇದಿ ತರುವ ನೊರೊವೈರಸ್‌ಗೆ ಅಷ್ಟಾಗಿ ತಾಗುವುದಿಲ್ಲ.

ಬಂದರುದಾರಿ:

ಕ್ವೀನ್ಸ್‌ಲೆಂಡ್ ಮಾರ್ಗ ಎಂದರೆ ಟೆಂಡರ್ ವಿಷಯ ಹೇಳಲೇಬೇಕು. ಮೊರ್ಟನ್ ದ್ವೀಪ, ಏರ್ಲೀ ಬೀಚ್, ಕೆರ್ನ್ಸ್ ಬಳಿಯ ಯಾರ್ಕೀಸ್ ನಾಬ್‌ನಲ್ಲಿ ದೊಡ್ಡ ಹಡಗು ಕಟ್ಟೆಗೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲೆಗೆ ದೋಣಿ ಏರಿಳಿಯುವಾಗ ಮಧ್ಯದ ಸಂದನ್ನು ಒಂದು ಹೆಜ್ಜೆಯಲ್ಲಿ ದಾಟಬೇಕು. ಸಿಬ್ಬಂದಿ ತೋಳು ಹಿಡಿದುಕೊಳ್ಳುತ್ತಾರೆ, ಎತ್ತಿಕೊಂಡು ದಾಟಿಸುವುದಿಲ್ಲ. ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಎರಡೂ ಕೈ ಖಾಲಿ ಇಟ್ಟುಕೊಳ್ಳಲಿ. ಬೆಳಗಿನ ಮೊದಲ ನೂಕುನುಗ್ಗಲು ಕಳೆದ ಮೇಲೆ ಹೋಗುವುದು ವಾಸಿ. ಗಾಳಿ ಜಾಸ್ತಿ ಇದ್ದರೆ ಇಳಿಸುವುದನ್ನೇ ರದ್ದು ಮಾಡುತ್ತಾರೆ. ಮಾರ್ಗ ಬದಲಿಸುವ ಹಕ್ಕು ಟಿಕೆಟ್ ಷರತ್ತಿನಲ್ಲೇ ಇರುತ್ತದೆ, ಅದಕ್ಕೆ ಪರಿಹಾರ ಸಾಮಾನ್ಯವಾಗಿ ಇಲ್ಲ. ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ, ದಿನಾಂಕ ಬದಲಿಸಲು ಸಾಧ್ಯವಿದ್ದರೆ ಮೇ ನಂತರ ನೋಡಿ. ನ್ಯೂಜಿಲೆಂಡ್‌ಗೆ ಹೋದಾಗ ಆಕ್ಲೆಂಡ್, ಟೌರಂಗ, ನೇಪಿಯರ್, ವೆಲಿಂಗ್ಟನ್‌ಗಳಲ್ಲಿ ಕಟ್ಟೆಗೇ ನಿಲ್ಲುತ್ತದೆ, ಅಮ್ಮನಿಗೆ ಆ ಬಂದರುಗಳು ಸುಲಭ. ಬೇ ಆಫ್ ಐಲೆಂಡ್ಸ್‌ನಲ್ಲಿ ಮತ್ತೆ ಟೆಂಡರ್.

ಫೋನನ್ನು ಹಡಗು ಹೊರಟ ಕೂಡಲೇ ಫ್ಲೈಟ್ ಮೋಡ್‌ಗೆ ಹಾಕಿ, ಎಲ್ಲರದ್ದೂ. ದಡದ ಸಿಗ್ನಲ್ ತಪ್ಪಿದ ಮೇಲೆ ಹಡಗಿನದೇ ಮೊಬೈಲ್ ಜಾಲಕ್ಕೆ ಫೋನು ತಾನಾಗಿ ಸೇರಿಕೊಳ್ಳುತ್ತದೆ, ಅದು ಮಾಮೂಲಿ ರೋಮಿಂಗ್ ಪ್ಯಾಕ್‌ನಲ್ಲಿ ಬರುವುದಿಲ್ಲ. ಖರ್ಚಿನ ಖಾತೆ ಯಾವ ಕರೆನ್ಸಿ ಎಂದೂ ನೋಡಿ. ಕಾರ್ನಿವಲ್‌ನದ್ದು ಇಲ್ಲಿ ಆಸ್ಟ್ರೇಲಿಯನ್ ಡಾಲರ್, ರಾಯಲ್ ಕೆರಿಬಿಯನ್‌ನದ್ದು ಅಮೆರಿಕನ್ ಡಾಲರ್, ಅದಕ್ಕೆ ಕಾರ್ಡ್ ಶುಲ್ಕ ಬೇರೆ ಬೀಳಬಹುದು.

ಟಾರ್ನೀಟ್‌ವಾಸಿ:

ಬ್ರಿಸ್ಬೇನ್ ಟರ್ಮಿನಲ್‌ಗೆ ವಿಮಾನ ನಿಲ್ದಾಣದಿಂದ ರೈಲು ಇದೆಯಾ? ಹಳೆಯ ಪೋಸ್ಟ್‌ಗಳಲ್ಲಿ ಹ್ಯಾಮಿಲ್ಟನ್ ಎಂದಿದೆ.

ಬಂದರುದಾರಿ:

ಹ್ಯಾಮಿಲ್ಟನ್‌ನ ಪೋರ್ಟ್‌ಸೈಡ್ ಹಳೆಯ ಜಾಗ, ಚಾಲಕರಿಗೆ ಆ ಹೆಸರು ಹೇಳಬೇಡಿ. 2022ರ ಜೂನ್‌ನಿಂದ ಲಗೇಜ್ ಪಾಯಿಂಟ್‌ನಲ್ಲಿರುವ ಬ್ರಿಸ್ಬೇನ್ ಇಂಟರ್‌ನ್ಯಾಷನಲ್ ಕ್ರೂಸ್ ಟರ್ಮಿನಲ್. ರೈಲು ಇಲ್ಲ, ಆದರೆ ವಿಮಾನ ನಿಲ್ದಾಣಕ್ಕೆ ಹತ್ತಿರವೇ. ಐದು ಜನ, ಸೂಟ್‌ಕೇಸ್ ಸೇರಿ ಮ್ಯಾಕ್ಸಿ ಟ್ಯಾಕ್ಸಿ ಮೊದಲೇ ಬುಕ್ ಮಾಡಿ, ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಬಳಿಯ ಹೋಟೆಲ್‌ನಲ್ಲೇ ಉಳಿಯಿರಿ. ಅಮ್ಮನಿಗೆ ಟರ್ಮಿನಲ್‌ನಿಂದ ಹಡಗಿನವರೆಗೆ ವೀಲ್‌ಚೇರ್ ಸಹಾಯ ಬೇಕೆಂದರೆ ಬುಕಿಂಗ್‌ನಲ್ಲೇ ಬರೆಸಿ. ಬೇಸಿಗೆಯಲ್ಲಿ ಬ್ರಿಸ್ಬೇನ್ ಗಡಿಯಾರ ಮೆಲ್ಬರ್ನ್‌ಗಿಂತ ಒಂದು ಗಂಟೆ ಹಿಂದೆ, ಚೆಕ್-ಇನ್ ಸ್ಲಾಟ್ ಬ್ರಿಸ್ಬೇನ್ ಸಮಯದ್ದು.